ಕಿವಿ ಚುಚ್ಚದ ಏಜೆಂಟ್

ಚನಮಲ್ಲಪ್ಪ ಮಾಮಾನ ಸ್ಕೂಟರ್ ಹಸಿರಿತ್ತೋ ನೀಲಿಯಿತ್ತೋ ನನಗೆ ಖಾತ್ರಿಯಿಲ್ಲ. ನನ್ನ ಡೈರಿಯಲ್ಲಿ ಒಂದು ಕಡೆ ಹಸಿರು ಎಂದಿದೆ, ಇನ್ನೊಂದು ಕಡೆ ನೀಲಿ. ಎರಡನ್ನೂ ಬರೆದವಳು ನಾನೇ, ಎರಡು ಸಲವೂ ಕಣ್ಣಾರೆ ಕಂಡವಳ ಠೀವಿಯಲ್ಲಿ. ಆದ್ದರಿಂದ ಮುಂದಿನದನ್ನೂ ಓದುವವರು ತುಸು ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು. ಆದರೆ ಆ ಸ್ಕೂಟರ್ ಯಾರ ಮನೆಯ ಮುಂದೆ ನಿಂತರೂ ಇಂಡಿ ಊರಿನ ನಮ್ಮ ಓಣಿಯವರು ಬಾಗಿಲಿಗೆ ಬಂದು, "ಯಾರು ಹೋದ್ರೋ?" ಎಂದು ಕೇಳುತ್ತಿದ್ದದ್ದು ಮಾತ್ರ ನಿಜ.

ಮಾಮಾ ವಿಮಾ ಏಜೆಂಟ್. ಮನುಷ್ಯರ ಜೀವಕ್ಕೂ ದನಗಳ ಜೀವಕ್ಕೂ ಒಂದೇ ಶ್ರದ್ಧೆಯಿಂದ ವಿಮೆ ಮಾಡಿಸುತ್ತಿದ್ದರು. ನಮ್ಮವ್ವನಿಗೆ ಅವರು ದೊಡ್ಡಪ್ಪನ ಮಗ. ಹಾಗಾಗಿ ನಮ್ಮ ಮನೆತನದಲ್ಲಿ ಏಜೆಂಟನನ್ನು ಆರಿಸುವ ಪ್ರಶ್ನೆಯೇ ಹುಟ್ಟಿರಲಿಲ್ಲ. ಸಿಂದಗಿಯ ಬೀಗರು, ಮುದ್ದೇಬಿಹಾಳದ ಅಳಿಯಂದಿರು, ಬಸವನಬಾಗೇವಾಡಿಯ ಸೊಸೆಯ ತವರಿನವರು, ಹೀಗೆ ನೆಂಟಸ್ತಿಕೆ ಎಲ್ಲಿಯವರೆಗೆ ಹಬ್ಬಿತ್ತೋ ಅಲ್ಲಿಯವರೆಗೆ ಅವರ ಪಾಲಿಸಿಗಳೂ ಹಬ್ಬಿದ್ದವು. ಹೊಸ ಸಂಬಂಧ ಕೂಡಿದರೆ ಅಕ್ಷತೆ ಒಣಗುವ ಮುಂಚೆ ಮಾಮಾ ವರನ ಪಕ್ಕ ಕೂತು ಸಾವಿನ ಮಾತು ತೆಗೆಯುತ್ತಿದ್ದರು. ಯಾರೂ ಬೇಸರಪಡುತ್ತಿರಲಿಲ್ಲ. ಅಷ್ಟು ಹಸನ್ಮುಖದಿಂದ ಸಾವಿನ ಬಗ್ಗೆ ಮಾತಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಸತ್ತವರ ಮನೆಗೆ ಹೆಣ್ಣುಮಕ್ಕಳಿಗಿಂತ ಮೊದಲು ಮಾಮಾ ಮುಟ್ಟುತ್ತಿದ್ದರು. ವಿಭೂತಿ ತರಿಸುವುದು, ಕುಣಿ ತೋಡುವವರಿಗೆ ಚಹಾ ಕಳಿಸುವುದು, ಅಳುವವರಿಗೆ ನೀರು ಕುಡಿಸುವುದು, ಎಲ್ಲ ಅವರದೇ. ಸಮಾಧಾನದ ಮಾತೂ ಒಂದೇ ಇತ್ತು: "ಚಿಂತಿ ಮಾಡಬ್ಯಾಡ್ರಿ, ನಾ ಅದೇನಿ. ಕಾಗದ ಆಮ್ಯಾಲ, ಮಂದಿ ಮೊದಲ." ಕಾಗದ ಎಷ್ಟೋ ಸಲ ಬಹಳವೇ ಆಮೇಲೆ ಆಗುತ್ತಿತ್ತು ಎಂಬುದು ಬೇರೆ ಮಾತು.

ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ಹೊಸತರಲ್ಲಿ ನಾನು ಅವರನ್ನು ಕೇಳಿದ್ದೆ: "ಮಾಮಾ, ಏಜೆಂಟ್ ಯಾರಾದ್ರೇನು? ಕ್ಲೇಮ್ ಮಂಜೂರು ಮಾಡೋದು ಕಂಪನಿ ಅಲ್ಲೇನ್ರಿ?"

"ಧಾರವಾಡದಾಗ ಇದನ್ನ ಕಲಿಸಿದ್ರೇನವ್ವಾ? ಹಂಗಾದ್ರ ಮದುವ್ಯಾಗ ಬಡಿಸಾವ್ರು ಯಾರಾದ್ರೇನು, ಉಣ್ಣೋದು ನಿನ್ನ ಹೊಟ್ಟಿ ಅಲ್ಲೇನು? ನಮ್ಮವ ಬಡಿಸಿದ್ರ ತಟ್ಟಿಗೆ ಎರಡು ಹೋಳಿಗಿ ಹೆಚ್ಚಿಗಿ ಬೀಳ್ತಾವ."

ಆ ತರ್ಕದಲ್ಲಿ ಏನೋ ಎಡವಟ್ಟಿದೆ ಎಂದು ಆಗಲೇ ಅನಿಸಿತ್ತು. ಎಲ್ಲಿ ಎಂಬುದು ಎಂ.ಎ. ಪುಸ್ತಕಗಳಲ್ಲೂ ಸಿಗಲಿಲ್ಲ. ನನ್ನ ಪದವಿಯ ಮೇಲಿದ್ದ ಗೌರವ ಅಂದಿನಿಂದ ಇಳಿಯುತ್ತಲೇ ಬಂದಿದೆ.

ನಮ್ಮ ಭಾಗದಲ್ಲಿ ಇನ್ನೊಬ್ಬ ಏಜೆಂಟರಿದ್ದರು, ಸಿಂದಗಿಯ ದೇಶಪಾಂಡೆ ಬಾಯಿ. ಅವರು ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ, ಕುಂಕುಮ ಹಚ್ಚಿಸಿಕೊಳ್ಳಲು ಸಹ ಕೂರುತ್ತಿರಲಿಲ್ಲ. "ನಿಯಮ ಹಿಂಗದ ನೋಡ್ರಿ. ಆಗ್ತದ ಅಂದ್ರ ಆಗ್ತದ, ಇಲ್ಲಾಂದ್ರ ನಾ ಹೊಂಟೆ" ಎಂದು ಚಪ್ಪಲಿ ಮೆಟ್ಟಿಯೇ ಮಾತಾಡುತ್ತಿದ್ದರು. ಯಾರು ಸತ್ತರೂ ಮಣ್ಣಿಗೆ ಬಂದವರಲ್ಲ. ಅಂತಃಕರಣ ಇಲ್ಲದ ಹೆಂಗಸು ಎಂದು ಮಾಮಾ ಅವರಿಗಾಗಿ ಮರುಗುತ್ತಿದ್ದರು, ನಾವೂ ಮರುಗಿದೆವು.

ಇನ್ನು ಸರದಾರನ ವಿಷಯ. ಸಾಲೋಟಗಿಯ ಹತ್ತಿರ ನಮ್ಮವ್ವನ ತಂಗಿ, ಅಂದರೆ ನಮ್ಮ ಚಿಗವ್ವನ ಲಿಂಬೆ ತೋಟ ಇದೆ. ಲಿಂಬೆಯ ಟೊಂಗೆಗಳು ನೆಲಕ್ಕೆ ಬಾಗಿರುವುದರಿಂದ ಟ್ರ್ಯಾಕ್ಟರ್ ಒಳಗೆ ಹೋದರೆ ಕಾಯಿ ಉದುರಿಸಿಯೇ ಹೊರಬರುತ್ತದೆ. ಗಿಡಗಳ ಸಾಲಿನಲ್ಲಿ ಕಸ ತೆಗೆಯುವ ಕುಂಟೆ ಹೊಡೆಯಲು ಎತ್ತುಗಳೇ ಬೇಕು. ಆಕೆಯ ಗಂಡ ಕಾಕಾ ತೀರಿಕೊಂಡ ಮೇಲೆ ಚಿಗವ್ವ ಆ ತೋಟವನ್ನು ನಡೆಸಿದ್ದು ಸರದಾರ ಮತ್ತು ಗಣ್ಯಾ ಎಂಬ ಖಿಲಾರಿ ಎತ್ತಿನ ಜೋಡಿಯಿಂದ. ಮಾಮಾ ಎರಡಕ್ಕೂ ವಿಮೆ ಮಾಡಿಸಲು ಬಂದರು, ಜೊತೆಗೆ ದನದ ದವಾಖಾನೆಯ ಕಂಪೌಂಡರ್. ಎತ್ತಿನ ಕಿವಿಗೆ ತೂತು ಹಾಕಿ ನಂಬರಿನ ಹಳದಿ ಬಿಲ್ಲೆ ಸಿಕ್ಕಿಸಬೇಕು. ಎತ್ತು ಸತ್ತರೆ ಕಿವಿಯ ತುಂಡಿನ ಸಮೇತ ಆ ಬಿಲ್ಲೆ ಒಪ್ಪಿಸಬೇಕು. ನಿಯಮ ಅಷ್ಟೇ ಸರಳ.

ಚಿಗವ್ವ ಸರದಾರನ ಕೊರಳಿಗೆ ಜೋತು ಬಿದ್ದಳು. "ಅಣ್ಣಾ, ಕಿವಿ ಹರದ ಎತ್ತಿಗೆ ಐಬು ಅಂತಾರ. ಕಾರಹುಣ್ಣಿವಿಗೆ ಸಿಂಗಾರ ಮಾಡಿ ನಾಕು ಮಂದಿ ಮುಂದ ಹ್ಯಾಂಗ ನಿಲ್ಲಿಸಲಿ? ನಿನ್ನ ಕಾಲು ಬೀಳ್ತೇನಿ."

ತಂಗಿ ಅತ್ತರೆ ಅಣ್ಣನ ಕರುಳು ಕೇಳುತ್ತದೆಯೇ? ಮಾಮಾ ಕಂಪೌಂಡರನನ್ನು ಅವಲಕ್ಕಿಗೆ ಕೂರಿಸಿದರು. ಬಿಲ್ಲೆಯನ್ನು ಸರದಾರನ ಕೊರಳ ಗೆಜ್ಜೆಪಟ್ಟಿಗೆ ದಾರದಿಂದ ಕಟ್ಟಿದರು. ಪಟ್ಟಿಯನ್ನು ಕಿವಿಯ ತನಕ ಎತ್ತಿ ಹಿಡಿದು ಫೋಟೋ ತೆಗೆದರು. "ಆತಿಲ್ಲೋ? ಕಂಪನಿಗೆ ಬಿಲ್ಲೆ ಕಾಣಬೇಕು, ಕಂಡಿತು. ಬ್ಯಾರೇದವರಾಗಿದ್ರ ಕೇಳ್ತಿದ್ರೇನು ನಿನ್ನ ಮಾತು?" ಗಣ್ಯಾನಿಗೂ ಅದೇ ಉಪಚಾರ ನಡೆಯಿತು. ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮಾಮಾನಿಗೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಸಂಬಂಧಿಕ ಏಜೆಂಟ್ ಇರುವ ಸುಖವೇ ಬೇರೆ.

ಮುಂದಿನ ವರ್ಷವೋ ಅದರ ಮುಂದಿನದೋ, ಜೋಳದ ಕಣಿಕೆಯ ಬಣವೆಯ ಹತ್ತಿರ ಸರದಾರನಿಗೆ ಹಾವು ಕಚ್ಚಿತು. ದನದ ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಅವರು ನೋಡಿ, ಬರೆದುಕೊಂಡು ಹೋದರು. ಅಷ್ಟರಲ್ಲಿ ಸ್ಕೂಟರ್ ಬಂದಿತು. ಮಾಮಾ ಎತ್ತಿನ ಹಣೆಗೆ ಹಣೆ ಹಚ್ಚಿ ಅತ್ತರು. ನಾಟಕ ಅಲ್ಲ, ನಿಜವಾಗಿಯೇ ಅತ್ತರು. ತೋಟದ ಬದುವಿನಲ್ಲಿ ಕುಣಿ ತೋಡಿಸಿದರು, ವಿಭೂತಿ ಹಚ್ಚಿದರು, ಹೂ ಏರಿಸಿದರು. ಯಾರೋ ಗೆಜ್ಜೆಪಟ್ಟಿ ಬಿಚ್ಚಲು ಹೋದರೆ ಗದರಿದರು: "ಏ, ಬಿಡೋ! ಸರದಾರ ಸರದಾರನಂಗ ಹೋಗಲಿ."

ಸರದಾರ ಸರದಾರನಂತೆಯೇ ಹೋದ, ಗೆಜ್ಜೆ ಮತ್ತು ಬಿಲ್ಲೆ ಸಮೇತ.

ಕಂಪನಿಯ ಕಡೆಯಿಂದ ತನಿಖೆಗೆ ಬಂದ ಹುಡುಗ ಬಹಳ ವಿನಯದಿಂದ ಕೇಳಿದ: "ಬಿಲ್ಲೆ ಎಲ್ಲೈತ್ರಿ ಅಮ್ಮಾರ?"

"ಮಣ್ಣಾಗ ಐತಪ್ಪಾ" ಎಂದಳು ಚಿಗವ್ವ.

ಅವನು ಎರಡು ದಿನ ಬಿಟ್ಟು ಬರುತ್ತೇನೆಂದು ಹೋದ. ಮಾಮಾ ಮಾತ್ರ ಎದೆಗುಂದಲಿಲ್ಲ. ಕಟ್ಟೆಯ ಮೇಲೆ ಚಿಗವ್ವನನ್ನು ಕೂರಿಸಿಕೊಂಡು ದನಿ ತಗ್ಗಿಸಿದರು. "ತಂಗೀ, ಕುಣಿ ತೆಗಿಸೂಣು. ಬಿಲ್ಲೆನೂ ಸಿಗ್ತೈತಿ, ಕಿವಿನೂ ಸಿಗ್ತೈತಿ. ಕಂಪೌಂಡರ್ ನಮ್ಮವ ಅದಾನ. ಕಿವಿಗೆ ಈಗ ಒಂದು ತೂತು ಹಾಕಿದ್ರಾತು. ಸತ್ತ ಎತ್ತಿಗೆ ಎಲ್ಲೀ ಐಬು?"

ನಾನು ಅಲ್ಲೇ ಇದ್ದೆ, ಅಥವಾ ಇದ್ದೆ ಎಂದುಕೊಂಡಿದ್ದೇನೆ. ಚಿಗವ್ವನ ದನಿಯಂತೂ ಸ್ಪಷ್ಟವಾಗಿ ಕಿವಿಯಲ್ಲಿದೆ.

"ಇದ್ದಾಗ ಚುಚ್ಚಲಿಲ್ಲಣ್ಣಾ. ಮಣ್ಣು ಕೊಟ್ಟ ಮ್ಯಾಲ ತೆಗದು ಚುಚ್ಚತೀಯೇನು? ಎದ್ದು ಹೋಗು."

ಮಾಮಾ ಎದ್ದು ಹೋದರು. ಅವರು ಚಹಾ ಕುಡಿಯದೆ ಒಂದು ಮನೆಯಿಂದ ಹೊರಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕ್ಲೇಮ್ ತಿರಸ್ಕೃತವಾಯಿತು. ಅದೇ ಸುಮಾರಿಗೆ ಪಕ್ಕದ ಹೊಲದವರ ಎಮ್ಮೆ ಸತ್ತಿತು. ಅದು ದೇಶಪಾಂಡೆ ಬಾಯಿ ವಿಮೆ ಮಾಡಿಸಿದ, ಕಿವಿ ಚುಚ್ಚಿಸಿಕೊಂಡ, ಐಬಿನ ಎಮ್ಮೆ. ಅದಕ್ಕಾಗಿ ಯಾರೂ ಹಣೆಗೆ ಹಣೆ ಹಚ್ಚಿ ಅಳಲಿಲ್ಲ. ಹಣ ಮಾತ್ರ ಬಂದಿತು.

ಗಣ್ಯಾ ಒಂಟಿಯಾಗಿ ನಿಂತ. ಲಿಂಬೆಯ ಸಾಲುಗಳಲ್ಲಿ ಕಸ ಮೊಣಕಾಲಿಗೆ ಬೆಳೆಯಿತು. ಇನ್ನೊಂದು ಮಳೆ ಬಿದ್ದರೆ ತೋಟ ಕೈಬಿಟ್ಟಂತೆ ಎಂದು ಚಿಗವ್ವ ಹೇಳುತ್ತಿದ್ದಾಗಲೇ ಒಂದು ಮಧ್ಯಾಹ್ನ ಮಾಮಾ ಮತ್ತೆ ಬಂದರು. ಈ ಸಲ ಸ್ಕೂಟರ್ ಇರಲಿಲ್ಲ. ಆಲಮೇಲದ ಬೀಗರ ಮನೆಯಿಂದ ಒಂದು ಮುದಿ ಎತ್ತನ್ನು ಬೇಡಿಕೊಂಡು ಟೆಂಪೋದಲ್ಲಿ ತಂದಿದ್ದರು. ಅದನ್ನು ಗಣ್ಯಾನ ಜೊತೆ ಹೂಡಿ, ತಾವೇ ಧೋತರ ಮೇಲೆ ಕಟ್ಟಿ ಸಾಲುಗಳಲ್ಲಿ ಕುಂಟೆ ಹೊಡೆದರು. ಮುದಿ ಎತ್ತು ಎಳೆದದ್ದಕ್ಕಿಂತ ಮಾಮಾ ತಳ್ಳಿದ್ದೇ ಹೆಚ್ಚು. ಆದರೂ ತೋಟ ಉಳಿಯಿತು. ಅಂಗಳದಿಂದ ಚಿಗವ್ವ ಕೂಗಿದಳು: "ಅಣ್ಣಾ, ಇದಕ್ಕೂ ವಿಮಾ ಮಾಡಿಸೀಯೇನು?"

"ಇದರ ಮಾಲಕ ಬುದ್ಧಿವಂತ ಅದಾನವ್ವಾ" ಎಂದರು ಮಾಮಾ, ಬೆವರೊರೆಸುತ್ತ. "ನನ್ನ ಕಡೆ ಪಾಲಿಸಿ ತಗೊಂಡಿಲ್ಲ."

ಆ ವರ್ಷ ಗಣ್ಯಾನ ವಿಮೆ ಮುಗಿದಾಗ ಚಿಗವ್ವ ಮತ್ತೆ ಯಾರ ಹತ್ತಿರ ಮಾಡಿಸಿದಳೆಂದು ಕೇಳಬೇಡಿ. ನಾನು ರೇಗಿದ್ದಕ್ಕೆ, "ಬ್ಯಾರೇದವರ ಕಡೆ ಮಾಡಿಸಿದ್ರ ಅಣ್ಣ ಏನ್ ತಿಳ್ಕೊಂಡಾನು?" ಎಂದಳು.

ಹೋದ ವರ್ಷ ಮಾಮಾ ತೀರಿಕೊಂಡರು. ಅವರ ಮನೆಯ ಮುಂದೆ ಅವರದೇ ಸ್ಕೂಟರ್ ನಿಂತಿತ್ತು. ಅಂದು ನಾನು ಬಣ್ಣ ನೋಡಬಹುದಿತ್ತು, ನೋಡಲಿಲ್ಲ. ಜನ ಇಂಡಿಯ ಓಣಿಯಲ್ಲಿ ಹಿಡಿಸಲಾರದಷ್ಟಿದ್ದರು. ಮುದ್ದೇಬಿಹಾಳದಿಂದ, ಬಾಗೇವಾಡಿಯಿಂದ, ಕ್ಲೇಮ್ ಸಿಕ್ಕವರು, ಸಿಗದವರು. ಸಿಗದವರೇ ಹೆಚ್ಚು ಅಳುತ್ತಿದ್ದರು ಎಂದು ನನಗನ್ನಿಸಿದ್ದು ನನ್ನ ಕೆಟ್ಟ ಸ್ವಭಾವ ಇರಬಹುದು. ಚಹಾ ಯಾರು ಕಳಿಸಬೇಕು, ವಿಭೂತಿ ಯಾರು ತರಬೇಕು ಎಂದು ಬಹಳ ಹೊತ್ತು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ಈಚೆಗೆ ಚಿಗವ್ವ ಗಣ್ಯಾನಿಗೆ ಹೊಸ ಜೊತೆ ತಂದಳು. ದೇಶಪಾಂಡೆ ಬಾಯಿ ಬಂದರು, ಚಹಾ ಬೇಡವೆಂದರು, ಕಿವಿ ಚುಚ್ಚುವ ಇಕ್ಕಳ ಹಿಡಿದವನನ್ನು ಮುಂದೆ ಬಿಟ್ಟರು. "ಅಮಾಸಿ ಆಗ್ಲಿ ಬಾಯಾರ, ಆಮ್ಯಾಲ ನೋಡೂಣು" ಎಂದು ಚಿಗವ್ವ ಅವರನ್ನು ಸಾಗಹಾಕಿದಳು. ಅಮಾವಾಸ್ಯೆ ಬಂದು ಹೋಯಿತು. ಒಂದು ಸಂಜೆ ಆಕೆ ಹೊಸ ಎತ್ತಿನ ಕಿವಿಯೊಳಗಿನ ಉಣ್ಣೆಹುಳ ಹೆಕ್ಕುತ್ತ ಕೂತಿದ್ದಾಗ ಕೇಳಿದೆ. ಆಕೆ ಎತ್ತಿನ ಇನ್ನೊಂದು ಕಿವಿಗೆ ಕೈ ಹಾಕಿದಳು. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಅವತ್ತು ಮಾಮಾನ ಬದಲಿ ಈ ಬಾಯಾರೇ ಬಂದಿದ್ರ, ಸರದಾರನ ಕಿವಿ ಚುಚ್ಚಾಕ ಬಿಡ್ತಿದ್ದೇನು?"