ಡ್ರಿಲ್ ಮೇಷ್ಟ್ರ ಶುಗರ್

ಶನಿವಾರಸಂತೆಯ ಶಾಲೆಯಲ್ಲಿ ನನ್ನ ಜೊತೆಗಿದ್ದ ಡ್ರಿಲ್ ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಅಂದರೆ ಪದಕ ಗೆದ್ದ ಹಾಗೆ. ರಕ್ತ ಪರೀಕ್ಷೆಯ ಚೀಟಿಯ ಫೋಟೋ ತೆಗೆದು ನಮ್ಮ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಹಾಕೋರು: "ಶುಗರ್ ನಾನೂರು ದಾಟ್ತು! ಗಂಡಸಿಗೆ ಇದ್ಯಾವ ಲೆಕ್ಕ ಕಣ್ರೀ?" ನಾವು ತೋಳು ಉಬ್ಬಿಸಿದ ಚಿತ್ರ ಕಳಿಸಿ ಹುರಿದುಂಬಿಸುತ್ತಿದ್ದೆವು. ಸಂತೆಯ ಜಿಲೇಬಿಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ನೋಡುವಂತೆ ಬೆರಳು ನೆಕ್ಕುತ್ತ ತಿನ್ನುತ್ತಿದ್ದರು. ಡಾಕ್ಟರು ಇನ್ಸುಲಿನ್ ಬರೆದುಕೊಟ್ಟಾಗ, "ಸೂಜಿ ಚುಚ್ಚಿಕೊಂಡು ಬದುಕೋದೂ ಒಂದು ಬದುಕಾ?" ಎಂದು ಚೀಟಿ ಹರಿದು ಹಾಕಿದರು.

ಒಂದು ಮಧ್ಯಾಹ್ನ ಏಳನೇ ತರಗತಿಯ ಹುಡುಗಿಯೊಬ್ಬಳು ಊಟಕ್ಕೆ ಮುಂಚೆ ತನ್ನ ಬೆಂಚಿನಲ್ಲೇ ಕೂತು ತೋಳಿಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತು ಗದರಿದರು: "ನಾಚಿಕೆ ಆಗಲ್ವೇನೇ, ಎಲ್ಲರ ಮುಂದೆ?"

"ದಿನಾ ತಗೋಬೇಕು ಸಾರ್, ಚಿಕ್ಕವಳಿದ್ದಾಗಿಂದ ಇದೆ," ಎಂದಳು. ನಾಚಿಕೆ ಯಾಕೆಂದು ಅವಳಿಗೆ ತಿಳಿಯಲೇ ಇಲ್ಲ.

"ಕಾಯಿಲೆ ಮೆರೆಸಬೇಡ, ಆಚೆ ಹೋಗು!"

ಪಕ್ಕದಲ್ಲೇ ಇದ್ದ ನಾನು, ಮಾತಾಡಿದರೆ ಮಕ್ಕಳೆದುರು ಮೇಷ್ಟ್ರಿಗೆ ಅವಮಾನವಾದೀತೆಂದು ಸುಮ್ಮನಿದ್ದೆ. ಎಂಥ ಮರ್ಯಾದಸ್ಥ ನಾನು! ಮರುದಿನದಿಂದ ಆ ಹುಡುಗಿ ಊಟದ ಗಂಟೆ ಹೊಡೆದೊಡನೆ, ಔಷಧಿಯ ಡಬ್ಬಿಯನ್ನು ಪುಸ್ತಕದ ಮರೆಯಲ್ಲಿ ಹಿಡಿದುಕೊಂಡು, ಶಾಲೆಯ ನಾರುವ ಶೌಚಾಲಯಕ್ಕೆ ಹೋಗತೊಡಗಿದಳು.