ಟವೆಲಿನಡಿಯಲ್ಲಿ ಸಿಕ್ಕ ಮೂರು ವರ್ಷ

ನಾನು ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಅಕ್ಕಿ ವ್ಯಾಪಾರ ಮಾಡುವವಳು. ಚೌಕಾಸಿ ಯಾರಿಂದ ಕಲಿತೆ ಎಂದು ಕೇಳುವವರು, ದನದ ದಲ್ಲಾಳಿಯಾಗಿದ್ದ ಅಪ್ಪನಿಂದಲೇ ಇರಬೇಕು ಎಂದು ಉತ್ತರವನ್ನೂ ತಾವೇ ಕೊಟ್ಟುಕೊಳ್ಳುತ್ತಾರೆ. ಅಲ್ಲ. ಕಲಿಸಿದವರು ದೇವದುರ್ಗದಲ್ಲಿ ನನಗೆ ಪಾಠ ಹೇಳಿದ ಅಕ್ಕೋರು.

ನೀರಮಾನ್ವಿಯಲ್ಲಿ ನೌಕರಿ ಹಿಡಿದು, ದೇವದುರ್ಗದಲ್ಲಿ ಬಹಳ ವರ್ಷ ದುಡಿದು, ಮಾನ್ವಿಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಏಳನೆಯದು ಮುಗಿಸಿದ ಹುಡುಗಿಯನ್ನು ಶಾಲೆ ಬಿಡಿಸಿದರೆಂದು ಗೊತ್ತಾದರೆ ಮನೆಗೇ ಹೋಗುತ್ತಿದ್ದರು. ಮನೆಯಲ್ಲಿ ಯಾರೂ ಸಿಗದಿದ್ದರೆ ಹತ್ತಿ ಹೊಲಕ್ಕೆ. ನಮ್ಮಪ್ಪ ಎರಡೂ ಕಡೆ ಸಿಗುವ ಆಸಾಮಿಯಲ್ಲ. ಹಾಗಾಗಿ ನನ್ನನ್ನು ಕರೆದುಕೊಂಡು ದನದ ಸಂತೆಗೇ ಬಂದರು.

"ಹೆಣ್ಣ ಹುಡುಗಿಗಿ ಏಳು ಸಾಕ್ರೀ ಅಕ್ಕೋರ," ಅಂದ ಅಪ್ಪ.

"ಬಾಯಿಮಾತಿಲೆ ಹರಿಯಂಗಿಲ್ಲ. ನಿಮ್ಮ ಪದ್ಧತಿ ಪ್ರಕಾರನ ಮುಗಸೋಣ. ಟವೆಲ್ ತಗೀರಿ."

ಆ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವೆಲಿನಡಿ ಕೈ ಸೇರಿಸಿ, ಎದುರಿನವರ ಬೆರಳು ಹಿಡಿದು ತಿಳಿಸುವುದು. ಒಪ್ಪಿ ಕೈ ಅದುಮಿದ ಮೇಲೆ ಮಾತು ತಪ್ಪಿದ ದಲ್ಲಾಳಿಯ ಹತ್ತಿರ ಮತ್ತೆ ಯಾರೂ ಸುಳಿಯುತ್ತಿರಲಿಲ್ಲ.

"ಹಾಕಲೇ ಟವೆಲ್! ಅಕ್ಕೋರಿಗಿ ಅಂಜಿದೇನು?" ಎಂದು ಪಕ್ಕದ ದಲ್ಲಾಳಿ ಕಿಚಾಯಿಸಿದ.

"ಅಕ್ಕೋರ ಕೈ ಹೆಂಗ ಹಿಡೀಲಿ ಮಾರಾಯ?"

"ನನ್ನ ಕೈ ಯಾಕ? ಸಾಲಿಗಿ ಹೋಗಾಕಿ ಆಕಿ," ಎಂದು ಅಕ್ಕೋರು ನನ್ನನ್ನು ಮುಂದೆ ನೂಕಿದರು. "ಬೆರಳಿಗೊಂದು ವರ್ಷ."

ಅಪ್ಪ ಟವೆಲ್ ಹಾಕಿ ಅದರಡಿ ನನ್ನ ಒಂದು ಬೆರಳು ಹಿಡಿದ. ನಾನು ಅವನ ಐದನ್ನೂ ಹಿಡಿದೆ. ಅವನ ಹುಬ್ಬು ಮೇಲೇರಿತು. ಎರಡು ಹಿಡಿದ. ನಾನು ಐದನ್ನು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಮೂರಕ್ಕೆ ಬಂದ. ಮೂರೆಂದರೆ ಹತ್ತನೆಯ ತರಗತಿ. ಎಲ್ಲಿ ಅದೂ ಹೋದೀತೋ ಎಂದು ಗಬಕ್ಕನೆ ಕೈ ಅದುಮಿಬಿಟ್ಟೆ.

"ಯವ್ವಾ, ನೀ ನನ್ನ ಮಗಳ ಹೌದು ಬಿಡು!" ಎಂದು ಅಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ.

ಸಂತೆ ದಾಟುತ್ತಲೇ ಅಕ್ಕೋರು ಕೇಳಿದರು, "ಎಷ್ಟಕ್ಕ ಮುಗಿಸಿದಿ?"

"ಮೂರಕ್ರೀ."

"ಹುಚ್ಚಿ! ಕೊಡಾಂವ ಏರಾಕತ್ತಾಗ ಕೈ ಅದುಮತಾರೇನು? ಇನ್ನೊಂದ ಗಳಿಗಿ ತಡಕೊಂಡಿದ್ರ ಕಾಲೇಜ ಮೆಟ್ಟಲಾ ಹತ್ತತಿದ್ದಿ."

ವ್ಯಾಪಾರಕ್ಕಿಳಿಯುವವರು ಈ ಬೈಗುಳವನ್ನು ಬರೆದಿಟ್ಟುಕೊಳ್ಳಿ. ಇಷ್ಟು ಅಗ್ಗಕ್ಕೆ ಇನ್ನೆಲ್ಲೂ ಸಿಗದು. ಬೈಯುತ್ತಲೇ ಅವರು ನನ್ನನ್ನು ಹೈಸ್ಕೂಲಿಗೆ ಎಳೆದುಕೊಂಡು ಹೋಗಿ ಅದೇ ದಿನ ಹೆಸರು ಹಚ್ಚಿಸಿದರು. ಅಪ್ಪನೂ ಮಾತು ತಪ್ಪಲಿಲ್ಲ. ಮೂರು ವರ್ಷ ಪೂರ್ತಿ ಕೊಟ್ಟ. ಒಂದು ದಿನವೂ ಹೆಚ್ಚಿಗೆ ಕೊಡಲಿಲ್ಲ.