ಒಂದು ಸಹಿಗೆ ಮೂರು ಕಾರಣ

ನನ್ನದು ಕೊರಿಯರ್ ಕೆಲಸ. ಜಯನಗರದ ಶಾಲೆಯೊಂದಕ್ಕೆ ಒಂದೇ ಕಾದಂಬರಿಯ ನಲವತ್ತು ಪ್ರತಿ ತಲುಪಿಸಬೇಕಿತ್ತು. ಒಂದು ದಿನ ತಡವಾಗಿ ಹೋದೆ, ಸಾಲದ್ದಕ್ಕೆ ಬಾಕ್ಸೂ ಬಾಯಿ ಬಿಟ್ಟುಕೊಂಡಿತ್ತು. ಒಂಬತ್ತನೇ ಕ್ಲಾಸಿನ ಮೇಡಂ ಡೆಲಿವರಿ ಚೀಟಿಗೆ ಸಹಿ ಹಾಕಲು ಒಪ್ಪಲಿಲ್ಲ. ಸಹಿ ಇಲ್ಲದೆ ವಾಪಸಾದರೆ ನನ್ನ ಕೆಲಸ ಹೋದ ಹಾಗೇ.

"ಯಾಕ್ರೀ ಲೇಟು?"

"ಓದ್ತಾ ಕೂತ್ಬಿಟ್ಟೆ ಮೇಡಂ."

ಇಡೀ ಕ್ಲಾಸು ನಕ್ಕಿತು. ಅವತ್ತಿನ ಪಾಠ ಪ್ಯಾರಾಗ್ರಾಫ್ ಬರೆಯೋದು. ಮೇಡಂ ನನ್ನ ಕೈಗೇ ಸೀಮೆಸುಣ್ಣ ಕೊಟ್ಟರು. "ಮೊದಲು ನಿಮ್ಮ ಮಾತು, ಆಮೇಲೆ ಮೂರು ಕಾರಣ, ಕೊನೆಗೆ ತೀರ್ಮಾನ. ಬರೀರಿ, ಸೈನ್ ಹಾಕ್ತೀನಿ."

ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ಬೋರ್ಡಿನ ಮೇಲೆ ಬರೆದೆ: "ತಡವಾಗಿದ್ದು ನನ್ನ ತಪ್ಪಲ್ಲ. ಬಾಕ್ಸು ಮೊದಲೇ ಹರಿದಿತ್ತು. ಮೊದಲ ಪುಟದಲ್ಲೇ ನಾಯಕ ಮನೆ ಬಿಟ್ಟು ಓಡಿದ, ಅವನನ್ನು ಬಸ್‌ಸ್ಟ್ಯಾಂಡಲ್ಲೇ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಆದ್ದರಿಂದ ಸಹಿ ಹಾಕಿ."

"ಅಂಕಲ್, ಎರಡೇ ಕಾರಣ ಆಯ್ತು!" ಮುಂದಿನ ಬೆಂಚಿನ ಹುಡುಗಿ ಕೂಗಿದಳು.

ಮೂರನೆಯದನ್ನು ಬಾಯಲ್ಲೇ ಹೇಳಿದೆ: "ಕೊನೇ ಅಧ್ಯಾಯ ಇನ್ನೂ ಬಾಕಿ ಇದೆ. ಬಾಕ್ಸಲ್ಲಿ ಮೂವತ್ತೊಂಬತ್ತೇ ಇರೋದು, ಒಂದು ನನ್ನ ಬ್ಯಾಗಲ್ಲಿದೆ."

ಮೇಡಂ ನಕ್ಕು ನಲವತ್ತಕ್ಕೂ ಸಹಿ ಹಾಕಿದರು. "ಅದನ್ನ ನಾಳೆ ತನ್ನಿ. ಜೊತೆಗೆ ಕೊನೇ ಅಧ್ಯಾಯದ ಮೇಲೆ ಒಂದು ಪ್ಯಾರಾಗ್ರಾಫ್."

ಹೋಂವರ್ಕಿಗೆ ಹೆದರಿ ಶಾಲೆ ಬಿಟ್ಟು ಇಷ್ಟು ವರ್ಷ ಊರೂರು ಸುತ್ತಿದೆ. ಕೊನೆಗೂ ಅದು ನನ್ನನ್ನು ಜಯನಗರದಲ್ಲಿ ಹಿಡಿದುಹಾಕಿತು.